ಲ್ಯಾಂಟರ್ನ್ ಓಡದ ಓಟ

ಕುದುರೆಯ ಹಿಂದಿನ ಓಟಗಳನ್ನು ಓದಿ ಮುಂದಿನದನ್ನು ಊಹಿಸುವ ವಿದ್ಯೆಯನ್ನು ಆರ್ಡಿತ್‌ಗೆ ಕಲಿಸಿದವನೇ ಲೈಲ್. ಗಂಡ ಸತ್ತ ಮೇಲೆ ಹೊತ್ತು ಹೋಗದೆ ರೇಸ್‌ಕೋರ್ಸಿಗೆ ಬಂದು ಕೂತ ಮುದುಕಿ, ಪಾಪ ಅನ್ನಿಸಿತ್ತು. ಈಗ ನೋಡಿದರೆ ಎರಡು ವರ್ಷದಿಂದ ಊಹೆಯ ಪಂದ್ಯ ಗೆದ್ದು ಲಾಸ್ ವೇಗಸ್ಸಿನ ಫೈನಲ್ಲಿಗೆ ಹೋಗುತ್ತಿದ್ದವಳು ಅವಳು. ಎರಡನೆಯವನಾದ ಲೈಲ್ ಅವಳ ಸೂಟ್‌ಕೇಸನ್ನು ವಿಮಾನ ನಿಲ್ದಾಣಕ್ಕೆ ಹೊತ್ತಿದ್ದ. ಗುರುವಿಗೇ ತಿರುಮಂತ್ರ ಎಂದು ನೆಬ್ರಾಸ್ಕಾದ ಆ ಸಣ್ಣ ರೇಸ್‌ಕೋರ್ಸಿನಲ್ಲಿ ಎಲ್ಲರೂ ನಕ್ಕಿದ್ದರು. ಅಲ್ಲಿಂದ ಹೋಗುವುದು ಒಬ್ಬರೇ. ಈ ವರ್ಷ ತಾನು ಹೋಗಲೇಬೇಕು.

ಪಂದ್ಯದ ನಿಯಮ ಸರಳ. ಮೊದಲ ಓಟಕ್ಕೆ ಮುಂಚೆಯೇ ಪ್ರತಿ ಓಟಕ್ಕೂ ಒಂದು ಕುದುರೆಯನ್ನು ಆರಿಸಿ ಕೊಡಬೇಕು, ಆಮೇಲೆ ಬದಲಾಯಿಸುವಂತಿಲ್ಲ. ಅದು ಗೆದ್ದರೆ ಬಾಜಿ ಕಟ್ಟಿದವರಿಗೆ ಸಿಕ್ಕಷ್ಟು ಅಂಕ. ಆರಿಸಿದ ಕುದುರೆ ಓಡದೇ ಹೋದರೆ ಆ ಓಟದ ಮೆಚ್ಚಿನ ಕುದುರೆ, ಅಂದರೆ ಜನ ಹೆಚ್ಚು ಹಣ ಕಟ್ಟಿದ್ದು, ನಿಮ್ಮ ಪಾಲಿಗೆ.

ಮಧ್ಯಾಹ್ನದ ಹೊತ್ತಿಗೆ ಆರ್ಡಿತ್ ಮೊದಲು, ಲೈಲ್ ಅವಳ ಬೆನ್ನಿಗೆ. ಎಲೆಕೋಸು, ಮಾಂಸ ತುಂಬಿದ ಬನ್ನನ್ನು ಮುರಿದು ಅವಳು ಎಂದಿನಂತೆ ಅವನಿಗೂ ಅರ್ಧ ಕೊಟ್ಟಳು.

“ಕೊನೇ ಓಟಕ್ಕೆ ಲ್ಯಾಂಟರ್ನ್ ಹಾಕಿದೀನಿ ಕಣೋ. ಕೆಸರಲ್ಲಿ ಸೋತಿದ್ದನ್ನ ಲೆಕ್ಕಕ್ಕಿಟ್ಕೋಬೇಡ ಅಂತ ನೀನೇ ಹೇಳ್ಕೊಟ್ಟಿದ್ದಲ್ವಾ? ನಿಂದ್ಯಾವುದು?”

“ಬೆಲ್.”

“ಅಯ್ಯೋ, ಅದನ್ನ ಯಾರೂ ಮೂಸಿ ನೋಡಲ್ವಲ್ಲೋ!”

ಲ್ಯಾಂಟರ್ನ್ ಇಲ್ಲದಿದ್ದರೆ ಬೆಲ್‌ಗೆ ಎದುರಿಲ್ಲವೆಂದು ಲೈಲ್‌ಗೆ ಗೊತ್ತಿತ್ತು. ಜನರೆಲ್ಲ ಮೆಚ್ಚಿದ್ದು ಬ್ರಾಸ್ ಬಟನ್ ಎಂಬ ಕುದುರೆಯನ್ನು. ಆದರೆ ಲಾಯಗಳಿಗೆ ಹುಲ್ಲು ಹಾಕುವ ಲೈಲ್, ಬಟನ್ ಮೇವು ಮುಟ್ಟದ್ದನ್ನು ಬೆಳಗ್ಗೆಯೇ ಕಂಡಿದ್ದ. ಮೇವು ಬಿಟ್ಟ ಕುದುರೆ ಗೆಲ್ಲುವುದಿಲ್ಲ. ಲ್ಯಾಂಟರ್ನ್ ತಪ್ಪಿದರೆ ಆರ್ಡಿತ್‌ಗೆ ದಕ್ಕುವುದು ಆ ಬಟನ್ನೇ.

ಅವನ ಟ್ರಕ್ಕಿನಲ್ಲಿ ಮನೆಯ ಹಸುಗಳಿಗೆ ಬಳಸಿದ ಸಿರಿಂಜೊಂದಿತ್ತು. ಹುಲ್ಲಿನ ಹೊರೆಯ ಜೊತೆ ಅದನ್ನು ಒಯ್ದು ಲ್ಯಾಂಟರ್ನ್‌ನ ಕಾಲಡಿಯ ಹುಲ್ಲಿಗೆ ಜಾರಿಸಿದ. ಲಾಯದ ಫೋನಿನಿಂದ, ದನಿ ಬದಲಿಸಿ, ಅಧಿಕಾರಿಗಳಿಗೆ ಎರಡು ಮಾತು ಹೇಳಿದ. ಹುಲ್ಲಿನವನನ್ನು ಯಾರು ಗಮನಿಸುತ್ತಾರೆ? ಓಟದ ದಿನ ಲಾಯದಲ್ಲಿ ಸೂಜಿ ಸಿಕ್ಕರೆ ವಿಚಾರಣೆ ಆಮೇಲೆ, ಕುದುರೆ ಮೊದಲು ಹೊರಗೆ. ಹಾಗೆಯೇ ಆಯಿತು.

ಲ್ಯಾಂಟರ್ನ್ ಅನ್ನು ನೋಡಿಕೊಳ್ಳುತ್ತಿದ್ದ ಯೂಸೆಬಿಯೊನನ್ನು ಇಬ್ಬರು ಕಾವಲುಗಾರರು ಜನರ ನಡುವೆಯೇ ಕರೆದೊಯ್ದರು. ಚಳಿಗಾಲದಲ್ಲಿ ಲೈಲ್‌ನ ಟ್ರಕ್ಕು ಹಿಮದಲ್ಲಿ ಹೂತಾಗ ಬೆನ್ನು ಕೊಟ್ಟು ನೂಕಿದ್ದವನು ಅವನೇ.

“ಮಾಡಿದ್ದುಣ್ಣೋ ಮಹರಾಯ!” ಎಂದು ಪಕ್ಕದ ಮೇಜಿನವನೊಬ್ಬ ಕೂಗಿದ.

“ಸುಮ್ನಿರಪ್ಪಾ,” ಎಂದಳು ಆರ್ಡಿತ್. “ಅವನು ಅಂಥವನಲ್ಲ. ಅಲ್ವೇನೋ ಲೈಲ್?”

“ಅಲ್ಲ,” ಎಂದ ಲೈಲ್. ಫೋನಿಟ್ಟ ಮೇಲೆ ಅವನಾಡಿದ ನಿಜ ಅದೊಂದೇ. ನಾಚಿಕೆಯೆನಿಸಿತು, ಎದ್ದು ಹೋಗಿ ಹೇಳಿಬಿಡೋಣ ಎಂದೂ ಅನ್ನಿಸಿತು. ಹೇಳಿದರೆ ವೇಗಸ್ ಹೋಯಿತು. ಗೆದ್ದ ಮೇಲೆ ಯೂಸೆಬಿಯೊನ ಕೈಗೆ ಏನಾದರೂ ಕೊಟ್ಟರಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿದ.

ಕೊಡಲು ಹಣ ಬೇಕಲ್ಲ. ಬೆಲ್ ಗೆಲ್ಲುವುದು ಖಾತ್ರಿಯಾಗಿರುವಾಗ ಕೈಕಟ್ಟಿ ಕೂರುವುದು ಮೂರ್ಖತನ. ಯಾರ ಕಣ್ಣಿಗೂ ಬೀಳದಂತೆ, ಕುದುರೆಗಳು ಗೇಟಿನೊಳಗೆ ಸೇರುತ್ತಿರುವಾಗ, ಇಡೀ ವರ್ಷ ಹುಲ್ಲು ಮಾರಿ ಉಳಿಸಿದ ಹಣವನ್ನು ಬೆಲ್ ಮೇಲೆ ಕಟ್ಟಿ ಬಂದ.

ಬಟನ್ ತಿರುವಿನಲ್ಲೇ ಸುಸ್ತಾಯಿತು. ಬೆಲ್ ಸಲೀಸಾಗಿ ಗೆದ್ದಿತು. ಲೈಲ್ ಎದ್ದು ನಿಲ್ಲುವಷ್ಟರಲ್ಲಿ ಆರ್ಡಿತ್ ಓಡಿಬಂದು ಅವನನ್ನು ತಬ್ಬಿಕೊಂಡಳು. “ಇಬ್ಬರಿಗೂ ಬೆಲ್ಲೇ ಕಣೋ! ಇಬ್ಬರಿಗೂ ಒಂದೇ ಅಂಕ, ಮುಂದಿದ್ದೋಳು ಮುಂದೇ ಉಳಿದೆ!” ಅವನಿಗೆ ಅರ್ಥವಾಗಲಿಲ್ಲ. ಅವಳು ಬೋರ್ಡಿನತ್ತ ಕೈ ತೋರಿಸಿದಳು. ಗೇಟು ತೆರೆದ ಗಳಿಗೆಯಲ್ಲಿ ಯಾವ ಕುದುರೆಯ ಮೇಲೆ ಹೆಚ್ಚು ಹಣ ಬಿದ್ದಿರುತ್ತದೋ ಅದೇ ಮೆಚ್ಚಿನ ಕುದುರೆ. ಅಷ್ಟು ಸಣ್ಣ ರೇಸ್‌ಕೋರ್ಸಿನಲ್ಲಿ ಬಟನ್ ಮೇಲೆ ಊರಿನವರೆಲ್ಲ ಸೇರಿ ಕಟ್ಟಿದ್ದಕ್ಕಿಂತ ಬೆಲ್ ಮೇಲೆ ಬಿದ್ದದ್ದೇ ಜಾಸ್ತಿಯಾಗಿತ್ತು. “ಕೊನೇ ಗಳಿಗೇಲಿ ಅದರ ಮೇಲೆ ಅಷ್ಟು ದುಡ್ಡು ಸುರಿದ ಪುಣ್ಯಾತ್ಮ ಯಾರೋ ಏನೋ,” ಎಂದು ಆರ್ಡಿತ್ ಕಣ್ಣೊರೆಸಿಕೊಂಡಳು. “ಅವನ ಹೊಟ್ಟೆ ತಣ್ಣಗಿರಲಿ. ಅಧಿಕಾರಿಗಳೂ ಅವನನ್ನೇ ಹುಡುಕ್ತಾ ಇದಾರಂತೆ.”