ತಳ ಹಿಡಿದ ಅನ್ನ

ಅವ್ವ ತೀರಿಕೊಂಡು ಮೂರನೆಯ ದಿನ. ವೀಸಾ ಗೊಂದಲದಲ್ಲಿ ನಾನು ಊರಿಗೆ ಹೋಗಲಾಗಿರಲಿಲ್ಲ. ಅಲ್ಲಿ ಅಣ್ಣ ಹಾಲುತುಪ್ಪ ಬಿಡುತ್ತಿದ್ದರೆ, ಇಲ್ಲಿ ಬ್ರಿಡ್ಜ್‌ವಾಟರ್ ಹತ್ತಿರದ ಪುರಾತತ್ವ ಲ್ಯಾಬಿನಲ್ಲಿ ನಾನು ಅಗೆದು ತೆಗೆದ ಹಳೆಯ ಮಡಕೆಯೊಂದನ್ನು ಒರೆಸುತ್ತಿದ್ದೆ. ಅದು ಕೆಂಪು ಸಮುದ್ರದ ದಂಡೆಯ ಮರಳುಗಾಡಿನ ಊರೊಂದರದು. ಎರಡು ಸಾವಿರ ವರ್ಷದ ಹಿಂದೆ ನಮ್ಮ ಕಡೆಯ ಹಡಗುಗಳು ಹೋಗತೊಡಗಿದ ಮೇಲೆ, ರೊಟ್ಟಿ ತಿನ್ನುತ್ತಿದ್ದ ಆ ಜನ ಅನ್ನ, ಕರಿಮೆಣಸು ಕಲಿತರು. ನಮ್ಮವರು ಕೆಲವರು ಅಲ್ಲೇ ಸಂಸಾರ ಹೂಡಿದರು. ಅವರ ಅನ್ನ ಮಡಕೆಯ ತಳದಲ್ಲಿ ಸೀದು ಕಲ್ಲಾಗಿತ್ತು.

ಮನೆಯಿಂದ ಹೆಂಡತಿ ಅರ್ಪಿತಾ ಫೋನ್ ಮಾಡಿದಳು. “ಮೂರು ದಿನದಿಂದ ಬರೀ ನೀರು. ಏನಾದ್ರೂ ತಿನ್ರೀ.”

“ಸಾವಿನ ಮನೇಲಿ ಒಲೆ ಹಚ್ಚಲ್ಲ ಕಣೇ. ಪಕ್ಕದ ಮನೆಯವರು ತಂದ್ಕೊಡ್ಬೇಕು.”

“ಪಕ್ಕದ ಮನೆಯವರ ಹೆಸರೇ ಗೊತ್ತಿಲ್ಲ ನಿಮಗೆ! ಪೀತ್ಸಾ ತರಿಸ್ಲಾ?”

ಬೇಡವೆಂದೆ.

ಫೋನಿಟ್ಟು ಮಡಕೆ ಮುಟ್ಟಿದರೆ ಬೆಚ್ಚಗಿತ್ತು. ಹೊರಗೆ ಹಿಮ ಬೀಳುತ್ತಿತ್ತು. ಮೆಣಸಿನ ಸಾರಿನ ವಾಸನೆ ಬಂತು, ಬೆರಳಿಗೆ ಹಸಿ ಮಸಿ ಹತ್ತಿತು. ಭಯವೂ ಆಗಲಿಲ್ಲ, ಅಳುವೂ ಬರಲಿಲ್ಲ. ಮುಚ್ಚಿಟ್ಟು, ಲ್ಯಾಬಿಗೆ ಬೀಗ ಹಾಕಿ ಮನೆಗೆ ಬಂದು ಮಲಗಿದೆ.

ಮರುದಿನ ಬೀಗ ತೆಗೆದವನೂ ನಾನೇ. ಮಡಕೆಯ ತಳದಲ್ಲಿ ಅನ್ನವಿರಲಿಲ್ಲ. ಬೆರಳಿನಿಂದ ಬಳಿದ ಗೆರೆಗಳು ಮಾತ್ರ ಇದ್ದವು.

ಮೂರು ದಿನದ ಹಸಿವು ಹಿಂದಿನ ಸಂಜೆಯಿಂದ ನನಗಿರಲಿಲ್ಲ.