ಹಸುವಿನ ಓಲೆ

ಬೆಳಿಗ್ಗೆ ಎಂಟಕ್ಕೆ ಹಾಲು ಮಾರುವ ಹೆಂಗಸು ಠಾಣೆಗೆ ಬಂದು ದೂರು ಕೊಟ್ಟಳು. ಅವಳ ಒಂದೇ ಹಸು ಕೊಟ್ಟಿಗೆಯಲ್ಲಿ ಸತ್ತು ಬಿದ್ದಿತ್ತು. ಬಲಗಿವಿ ಬುಡಸಮೇತ ಮಾಯವಾಗಿತ್ತು.

"ನಮ್ಮನೆ ಅನ್ನ ಅದರ ಕೆಚ್ಚಲಲ್ಲಿತ್ತು ಸಾರ್. ಮಾಡ್ದೋನ ಕೈ ಸೇದ್ಹೋಗ, ಅವನ ಮನೆ ಹಾಳಾಗ!" ಎಂದು ನೆಟಿಕೆ ಮುರಿದಳು. ಕರೆತಂದಿದ್ದ ತಮ್ಮ ನೆಲ ನೋಡುತ್ತಿದ್ದ.

ಊರಿಗೆಲ್ಲ ಅವನು 'ಯೋಜನೆ ಮಾವ'. ಬೀಜವೋ, ಪಂಪ್‌ಸೆಟ್ಟೋ, ಸರ್ಕಾರದ ಯಾವ ನೆರವು ಯಾವ ಕಚೇರಿಯಲ್ಲಿ ಅಡಗಿದೆಯೆಂದು ಹುಡುಕಿ ರೈತರಿಗೆ ಕೊಡಿಸುತ್ತಿದ್ದ, ಅದೂ ಪುಕ್ಕಟೆ. ಇಂಥ ಪುಣ್ಯಾತ್ಮ ಊರಿಗೊಬ್ಬ ಸಿಕ್ಕರೆ ಹೆಚ್ಚು.

ಎಫ್‌ಐಆರ್ ದಾಖಲಿಸಿ ಇನ್ಸ್‌ಪೆಕ್ಟರ್ ಪಶುವೈದ್ಯರನ್ನು ಕರೆದುಕೊಂಡು ಕೊಟ್ಟಿಗೆಗೆ ಹೋದರು. ಅಕ್ಕ, ತಮ್ಮ ಹಿಂದೆಯೇ ಬಂದರು. ಹಸುವಿನ ಬಾಯಲ್ಲಿ ನೊರೆ ಇತ್ತು. ಬೂಸಾ ಬಕೆಟ್ಟಿನಿಂದ ಕೀಟನಾಶಕದ ಘಾಟು ಬರುತ್ತಿತ್ತು. ಗೋಡೆಯ ಮೇಲೆ ಎದೆಯೆತ್ತರಕ್ಕೆ ರಕ್ತ ಚಿಮ್ಮಿತ್ತು. ಪಂಚನಾಮೆ ಬರೆಯುತ್ತಿದ್ದ ಪೇದೆ ರಕ್ತದ ವಿಷಯಕ್ಕೆ ಬಂದಾಗ ಪೆನ್ನು ನಿಲ್ಲಿಸಿದ.

"ಸತ್ತ ಮೇಲೆ ಕಿವಿ ಕುಯ್ದಿದ್ರೆ ರಕ್ತ ಹೀಗೆ ಚಿಮ್ಮಲ್ಲ," ಎಂದರು ಪಶುವೈದ್ಯರು. "ನಿಂತಿದ್ದಾಗಲೇ ಕುಯ್ದಿದಾರೆ."

"ಒದೆಯೋ ಹಸುನಾಮ್ಮ?" ಇನ್ಸ್‌ಪೆಕ್ಟರ್ ಕೇಳಿದರು.

"ಹೊಸಬರಿಗೆ ಹಲ್ಲುದುರಿಸೋದು. ನಾನು, ನನ್ನ ತಮ್ಮ ಬಿಟ್ರೆ ಯಾರನ್ನೂ ಹತ್ರ ಸೇರಿಸ್ತಿರಲಿಲ್ಲ."

"ಆ ಕಿವೀಲಿ ಏನಿತ್ತು?"

"ಹಳದಿ ಬಿಲ್ಲೆ. ತಮ್ಮನೇ ಹಾಕಿಸಿದ್ದು. 'ಅಕ್ಕಾ, ನಿಂಗಂತೂ ಓಲೆ ಕೊಡಿಸೋಕಾಗ್ಲಿಲ್ಲ, ಹಸುಗಾದ್ರೂ ಇರ್ಲಿ' ಅಂತ ನಗಾಡ್ದ."

ಪಶುವೈದ್ಯರ ಮುಖ ಕಪ್ಪಿಟ್ಟಿತು. "ಅದು ವಿಮೆ ಬಿಲ್ಲೆ. ಪರಿಹಾರ ಬೇಕಂದ್ರೆ ಸತ್ತ ದಿನವೇ ಕಿವಿ ಸಮೇತ ರೈತ ನೆರವು ಕಚೇರಿಗೆ ಒಪ್ಪಿಸಬೇಕು."

ಇನ್ಸ್‌ಪೆಕ್ಟರ್ ತಿರುಗಿ ನೋಡಿದರು. ತಮ್ಮ ಇರಲಿಲ್ಲ.

ಹನ್ನೊಂದೂವರೆಗೆ ಜೀಪು ರೈತ ನೆರವು ಕಚೇರಿ ತಲುಪಿತು. ತಮ್ಮ ಸಾಲಿನಲ್ಲಿ ನಿಂತಿದ್ದ. ಕೈಲಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಉಪ್ಪು ಸವರಿದ ಕಿವಿ ಇತ್ತು. ಪೇದೆ ತೋಳು ಹಿಡಿದಾಗ ಕೊಸರಲಿಲ್ಲ.

"ವಿಮೆ ಯಾರ ಹೆಸರಲ್ಲಿದೆ?"

"ನನ್ನ ಹೆಸರಲ್ಲೇ. ಅಕ್ಕಂಗೆ ಗೊತ್ತಿಲ್ಲ."

"ಯಾಕೋ?"

"ಊರಿಗೆಲ್ಲ ಹುಡುಕಿಕೊಟ್ಟೆ ಸಾರ್. ನಂದು ಗೇಣಿ ಹೊಲ. ಹೆಸರಲ್ಲಿ ಜಮೀನಿಲ್ಲ ಅಂದ್ರೆ ಯಾವ ಕಚೇರೀಲೂ ಒಳಗೆ ಬಿಡಲ್ಲ. ಬಿತ್ತೋಕೆ ಹಿಡಿ ಬೀಜ ಇರ್ಲಿಲ್ಲ. ಜಮೀನು ಕೇಳದೇ ಇದ್ದಿದ್ದು ಇದೊಂದೇ ಯೋಜನೆ."

"ಅದು ಸಾಯೋವರೆಗೂ ಕಾಯ್ಲಿಲ್ವಲ್ಲೋ ಪಾಪಿ."

"ನನ್ನ ಮುಖಾನೇ ನೋಡ್ತಿತ್ತು ಸಾರ್. ನಿಲ್ಲೋಕಾಗ್ಲಿಲ್ಲ. ಕುಯ್ಕೊಂಡು ಓಡ್ದೆ."

ಇನ್ಸ್‌ಪೆಕ್ಟರ್ ಚೀಲ ತೆಗೆದುಕೊಂಡು ಅವನನ್ನು ಜೀಪಿಗೆ ಹತ್ತಿಸಿದರು.

ಮಧ್ಯಾಹ್ನ ಅಕ್ಕ ಠಾಣೆಗೆ ಬಂದಾಗ ತಮ್ಮ ಸರಳುಗಳ ಹಿಂದೆ ಕೂತಿದ್ದ. ಬಹಳ ಹೊತ್ತು ಅವನ ಕೈಗಳನ್ನೇ ನೋಡಿದಳು. ಆಮೇಲೆ ಇನ್ಸ್‌ಪೆಕ್ಟರ್ ಮೇಜಿನ ಮುಂದೆ ಬಂದು ನಿಂತಳು.

"ಬೆಳಿಗ್ಗೆ ಹಾಕಿದ ಶಾಪ ವಾಪಸ್ ತಗೋಬೇಕು ಸಾರ್. ಅದಕ್ಕೆ ಯಾವ ಕಚೇರಿಗೆ ಹೋಗ್ಬೇಕು? ಇಂಥದ್ದೆಲ್ಲ ಇವನಿಗೇ ಗೊತ್ತಿರೋದು."