ಐದು ಸಾವಿರದ ಆಚೆಗಿನ ಗೆರೆ

“ಕೈ ಬಿಡ್ರೀ! ಯಾರ್ರೀ ನೀವು?”

“ಬುಡ್ತೀನಿ ಮೇಡಂ, ಮೊದ್ಲು ಆ ಬಾಟ್ಲಿ ಕೆಳಗಿಡಿ. ಐಸ್ ಇಲ್ದೆ ಆಸಿಡ್‌ಗೆ ಅದ್ನ ಸುರಿದ್ರೆ ನಿಮ್ ಪಾಲಿಮರ್ ಕೆಟ್ಟೋಯ್ತದೆ.”

ಶಿವರಂಜಿನಿಗೆ ಮೈಯೆಲ್ಲ ಉರಿಯಿತು. ಚಾಮರಾಜನಗರದ ಆ ಲ್ಯಾಬಿಗೆ ಪಿಎಚ್‌ಡಿ ಮಾಡಲು ಬಂದ ಮೊದಲ ದಿನವೇ ಯಾವನೋ ಬಂದು ಮುಂಗೈ ಹಿಡಿಯುವುದೆಂದರೇನು! ಆದರೆ ಅವನು ಹೇಳಿದ್ದು ಸರಿಯಾಗಿತ್ತು. ಅದಕ್ಕೇ ಇನ್ನೂ ಉರಿಯಿತು.

ಅವನು ಶಾಂತರಾಜು. ಹರದನಹಳ್ಳಿಯವನು, ಲ್ಯಾಬಿನ ಸಹಾಯಕ. ಹತ್ತೇ ನಿಮಿಷದಲ್ಲಿ ಮೀನಿನಂಗಡಿಯಿಂದ ಗೋಣಿಚೀಲದ ತುಂಬ ಐಸ್ ಹೊತ್ತು ತಂದ.

“ಥೂ… ಮೀನಿನ ವಾಸ್ನೆ!”

“ಪಾಲಿಮರಲ್ಲಿ ಕರೆಂಟ್ ಅರಿದ್ರೆ ಸಾಕಲ್ವ ಮೇಡಂ? ವಾಸ್ನೆ ಯಾರ್ ಕೇಳ್ತಾರೆ?”

ಅವಳು ನಕ್ಕುಬಿಟ್ಟಳು. ಕೆಟ್ಟಿದ್ದು ಅಲ್ಲಿಂದಲೇ ಅನ್ನಿ.

ನಾಲ್ಕು ವರ್ಷ ಕಳೆಯಿತು. ಐಸಿನಲ್ಲಿ ತಯಾರಾದ ಆ ಹಸಿರು ಪಾಲಿಮರಿನಿಂದ ಅವಳು ಸೂಪರ್‌ಕೆಪಾಸಿಟರ್ ಮಾಡಿದಳು. ಬ್ಯಾಟರಿ ಗಂಟೆಗಟ್ಟಲೆ ತೆಗೆದುಕೊಳ್ಳುವ ಚಾರ್ಜನ್ನು ಅದು ಕ್ಷಣದಲ್ಲಿ ತುಂಬಿಕೊಳ್ಳುತ್ತದೆ, ಕ್ಷಣದಲ್ಲಿ ಕೊಟ್ಟುಬಿಡುತ್ತದೆ. ತೊಂದರೆ ಒಂದೇ. ಪಾಲಿಮರ್ ಉಬ್ಬಿ ಕುಗ್ಗಿ, ಉಬ್ಬಿ ಕುಗ್ಗಿ ಬಿರುಕು ಬಿಡುತ್ತದೆ. ತನ್ನದು ಹತ್ತು ಸಾವಿರ ಸಲ ತುಂಬಿ ಬರಿದಾದರೂ ತಾಳುತ್ತದೆ ಎಂದು ತೋರಿಸಿದರೆ ಅವಳ ಪ್ರಬಂಧ ಗೆದ್ದಂತೆ.

ಇಬ್ಬರೂ ಒಂದೇ ಡಬ್ಬಿಯ ಚಿತ್ರಾನ್ನ ತಿಂದರು, ಒಬ್ಬರ ದಾರಿ ಒಬ್ಬರು ಕಾದರು. ಆದರೆ ಮನಸ್ಸಿನಲ್ಲಿದ್ದದ್ದನ್ನು ಮಾತ್ರ ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ!

ಕೊನೆಯ ಪರೀಕ್ಷೆ ಶುರುವಾದ ದಿನವೇ ಗುಂಡ್ಲುಪೇಟೆಯಿಂದ ಫೋನ್ ಬಂತು. ಅವ್ವ ಚಿಕ್ಕನಿಂಗಮ್ಮ ಜಾರಿಬಿದ್ದು ಸೊಂಟ ಮುರಿದುಕೊಂಡಿದ್ದರು.

“ಎಂಟು ದಿನ ಓಡ್ಬೇಕು ಇದು… ನೋಡ್ಕೋತೀರಾ?”

“ಕಣ್ಣಲ್ ಕಣ್ಣಿಟ್ಟು ನೋಡ್ಕತೀನಿ. ನೀವು ಓಗಿ ಮೇಡಂ.”

ಎಂಟನೆಯ ದಿನ ಅವನು ಕಳಿಸಿದ ಗ್ರಾಫ್ ನೋಡಿ ಶಿವರಂಜಿನಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಖುಷಿಗೆ ಅತ್ತಳು. ಹತ್ತು ಸಾವಿರದವರೆಗೂ ಗೆರೆ ಬಾಗಿರಲೇ ಇಲ್ಲ!

ಪ್ರಬಂಧ ಸಲ್ಲಿಸುವ ಮುಂಚಿನ ಸೆಮಿನಾರಿನಲ್ಲಿ, ಹೊರಗಿನಿಂದ ಬಂದ ಪ್ರೊಫೆಸರ್ ಕನ್ನಡಕ ಮೇಲೇರಿಸಿದರು.

“ಏನಮ್ಮಾ, ಐದು ಸಾವಿರದ ಆಚೆಗಿನ ಗೆರೆ ಈಚೆಗಿನದರ ಪಡಿಯಚ್ಚು. ಸಣ್ಣಪುಟ್ಟ ಏರಿಳಿತ ಕೂಡ ಒಂದೇ. ಅದು ಹೇಗೆ?”

ಅವಳು ಸಭೆಯತ್ತ ತಿರುಗಿದಳು. ಹಿಂದಿನ ಸಾಲಿನಲ್ಲಿ ಶಾಂತರಾಜು ತಲೆ ತಗ್ಗಿಸಿದ.

ಅಯ್ಯೋ… ಇವನೇ!

“ಪ್ಲಾಟ್ ಮಾಡೋವಾಗ ಏನೋ ತಪ್ಪಾಗಿದೆ,” ಎಂದು ಗೈಡ್ ಗುರುಸ್ವಾಮಿ ತೇಪೆ ಹಾಕಹೊರಟರು.

“ಇಲ್ಲ ಸರ್. ಇದು ಸುಳ್ಳು ಗ್ರಾಫ್. ವಾಪಸ್ ತಗೋತೀನಿ,” ಎಂದಳು ಶಿವರಂಜಿನಿ.

ವರಾಂಡದಲ್ಲಿ ಶಾಂತರಾಜು ಎದುರು ಬಂದ.

“ಪೇಪರಲ್ಲಿ ನಿಮ್ ಹೆಸರೂ ಬರ್ಲಿ ಅಂತ ಮಾಡಿದ್ರಾ?”

ಅವನು ಕೈ ಮುಗಿದ.

“ನನ್ನ ನಾಲ್ಕು ವರ್ಷಕ್ಕೆ ಮಣ್ಣು ಹಾಕಿದ್ರಿ! ಇನ್ನು ಮುಖ ತೋರಿಸ್ಬೇಡಿ.”

ಮಾರನೆಯ ದಿನದಿಂದ ಅವನು ಕೆಲಸಕ್ಕೆ ಬರಲಿಲ್ಲ.

ಅವಳು ಒಬ್ಬಳೇ ಎಲ್ಲ ಪರೀಕ್ಷೆಯನ್ನೂ ಮತ್ತೆ ನಡೆಸಿದಳು. ಆರು ಸಾವಿರದ ಹತ್ತಿರ ಪಾಲಿಮರ್ ಬಿರುಕು ಬಿಟ್ಟಿತು. ಯಾಕೆ ಬಿಟ್ಟಿತು ಎಂಬುದನ್ನೇ ಬರೆದಳು. ಒಂದೂವರೆ ವರ್ಷ ತಡವಾಗಿ ಡಿಗ್ರಿ ಬಂತು. ಅಷ್ಟರಲ್ಲಿ ಕೈಗೆ ಬರಬೇಕಿದ್ದ ಕೆಲಸ ಬೇರೆಯವರ ಪಾಲಾಗಿತ್ತು.

ಡಿಗ್ರಿ ಬಂದ ದಿನ ಗುರುಸ್ವಾಮಿ ಗಂಟಲು ಸರಿಮಾಡಿಕೊಂಡರು.

“ಒಂದು ವಿಷಯ ಮುಚ್ಚಿಟ್ಟಿದ್ದೆ ಕಣಮ್ಮ. ಗ್ರಾಫ್ ಕಳಿಸಿದ ದಿನವೇ, ಪೇಪರಲ್ಲಿ ತನ್ನ ಹೆಸರು ಬ್ಯಾಡ ಅಂತ ಶಾಂತರಾಜು ನನ್ಹತ್ರ ಹೇಳಿದ್ದ. ಟೆಸ್ಟ್ ಶುರುವಾದ ಐದನೇ ದಿನ ಕರೆಂಟ್ ಹೋಗಿ ಅದು ನಿಂತಿತ್ತಂತೆ. ಯುಪಿಎಸ್ ಬ್ಯಾಟರಿ ಸತ್ತಿತ್ತು. ಅದು ನನ್ನ ತಪ್ಪು, ಬದಲಾಯಿಸಿರಲಿಲ್ಲ.”

ಚಾರ್ಜ್ ತುಂಬಿಡುವ ಸಂಶೋಧನೆಯ ಲ್ಯಾಬಿನಲ್ಲಿ ಬ್ಯಾಟರಿಗೇ ಗತಿಯಿಲ್ಲ! ದೀಪದ ಬುಡದಲ್ಲೇ ಕತ್ತಲು ಅಂತ ಸುಮ್ಮನೆ ಹೇಳಿಲ್ಲ ಹಿರಿಯರು.

“ಈಗೆಲ್ಲಿದ್ದಾರೆ ಸರ್?”

“ನಿಮ್ಮೂರಲ್ಲೇ. ಇನ್ವರ್ಟರ್ ಅಂಗಡೀಲಿ.”

ಗುಂಡ್ಲುಪೇಟೆಯ ಹೆದ್ದಾರಿ ಬದಿಯ ಆ ಅಂಗಡಿಯಲ್ಲಿ ಅವನು ಲಾರಿಯೊಂದರ ಬ್ಯಾಟರಿಗೆ ನೀರು ಹಾಕುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. ಸೊರಗಿದ್ದ.

“ಯಾಕೆ ಮಾಡಿದ್ರಿ?”

“ಅವತ್ತು ಅವ್ವನ ಆಪರೇಷನ್ ಅಂತ ಫೋನಲ್ಲಿ ಅಳ್ತಿದ್ರಿ. ಇದೂ ಓಯ್ತು ಅಂತ ಯೇಳಕ್ಕೆ ಬಾಯೇ ಬರ್ನಿಲ್ಲ. ಇದ್ದ ಗೆರೆನೇ ಮುಂದಕ್ಕೆ ಅಂಟಿಸ್ಬುಟ್ಟೆ… ನೀವ್ ಅಳೋದ್ನ ಕೇಳಕ್ಕಾಗ್ನಿಲ್ಲ ಮೇಡಂ.”

“ಕೇಳ್ಬೇಕಿತ್ತು! ಅತ್ತು ಸುಮ್ಮನಾಗ್ತಿದ್ದೆ. ಮತ್ತೆ ಟೆಸ್ಟ್‌ಗೆ ಹಾಕ್ತಿದ್ದೆ. ಅಷ್ಟೂ ಗಟ್ಟಿಯಿಲ್ಲ ಅಂದ್ಕೊಂಡ್ರಾ ನನ್ನ?”

“ತಪ್ಪಾಯ್ತು.”

“ತಪ್ಪಾಯ್ತು ಅಂದ್ರೆ ಹೋದ ವರ್ಷ ಬರುತ್ತಾ?”

“ಬರಕಿಲ್ಲ. ಮತ್ತೆ… ಯಾಕ್ ಬಂದ್ರಿ?”

ಒಂದೂವರೆ ವರ್ಷ ಅವಳ ಎದೆಯಲ್ಲಿ ಕುದ್ದದ್ದೆಲ್ಲ ಹೊರಬಂತು.

“ಯಾಕೆ ಅಂದ್ರೆ, ಬಯ್ಯೋಕೂ ನನಗೆ ನೀವೇ ಬೇಕು! ಇನ್ಮೇಲೆ ಏನ್ಮಾಡ್ತೀರಿ? ಸುಳ್ಳು ಹೇಳಿ ನಗಿಸ್ತೀರೋ, ನಿಜ ಹೇಳಿ ಅಳಿಸ್ತೀರೋ?”

“ನಿಜ ಯೇಳಿ ಅಳಿಸ್ತೀನಿ.”

“ಹೇಳಿ ಮತ್ತೆ.”

ಅವನು ಕೈ ಒರೆಸಿಕೊಂಡ. ಬಾಯಿಗೆ ಬಂದ ‘ಮೇಡಂ’ ಅನ್ನು ನುಂಗಿಕೊಂಡ.

“ನೀನಂದ್ರೆ ಪ್ರಾಣ ಕಣಮ್ಮಿ.”

ಶಿವರಂಜಿನಿ ಅಲ್ಲೇ ಸ್ಟೂಲಿನ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. ಶಾಂತರಾಜು ಇನ್ನೊಂದು ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತ. ಅಳಬೇಡ ಎನ್ನಲಿಲ್ಲ.